ಒಂದು ಮಿಲಿಮೀಟರಿನಾಚೆಯ ಮಿತೋಮಾ

ಜಪಾನಿನ ಫುಟ್‌ಬಾಲ್ ಆಟಗಾರ ಕವೊರು ಮಿತೋಮಾ ಎಂದರೆ ಅಂತರ್ಜಾಲಕ್ಕೆ ನೆನಪಾಗುವುದು ಎರಡೇ ಸಂಗತಿ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಗೆರೆಯಂಚಿನಿಂದ ಆತ ಹಿಂದಕ್ಕೆಳೆದ ಚೆಂಡು ಒಂದು. ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಡ್ರಿಬ್ಲಿಂಗ್ ಬಗ್ಗೆ ಬರೆದ ಪ್ರಬಂಧ ಇನ್ನೊಂದು. ಎರಡೂ ನಿಜವೇ. ಆದರೆ ಇವುಗಳ ಮೇಲೆ ಕಟ್ಟಿದ ಜನಪ್ರಿಯತೆ ಆತನ ಆಟವನ್ನೇ ಮರೆಮಾಡಿದೆ.

ಅಸೋಸಿಯೇಟೆಡ್ ಪ್ರೆಸ್‌ನ ಛಾಯಾಗ್ರಾಹಕ ಪೆಟ್ರ್ ಡೇವಿಡ್ ಜೋಸೆಕ್ ಸ್ಪೇನ್ ಪಂದ್ಯದ ಆ ಕ್ಷಣವನ್ನು ಮೇಲಿನಿಂದ ಸೆರೆಹಿಡಿದ ಚಿತ್ರದಲ್ಲಿ ಚೆಂಡಿನ ಉಬ್ಬು ಗೆರೆಯ ಮೇಲೆ ಕೂದಲೆಳೆಯಷ್ಟು ಉಳಿದಿದೆ. ಇಡೀ ಚೆಂಡು ಗೆರೆ ದಾಟದೆ ಔಟ್ ಆಗದು. ಗೋಲು ಮಾನ್ಯವಾಯಿತು, ಜಪಾನ್ 2-1ರಿಂದ ಗೆದ್ದಿತು. ಆ ಚಿತ್ರ ಚೆಂಡು ಎಲ್ಲಿತ್ತೆಂದು ಹೇಳುತ್ತದೆ, ಮಿತೋಮಾ ಅಲ್ಲಿಗೆ ಹೇಗೆ ಬಂದನೆಂದು ಹೇಳುವುದಿಲ್ಲ. ವಿರಾಮದ ನಂತರ ನಗಾತೊಮೊ ಬದಲಿಗೆ ಕಣಕ್ಕಿಳಿದವನು ಆತ. ಬಲಬದಿಯಿಂದ ದೋವಾನ್ ಕೊಟ್ಟ ಕ್ರಾಸ್ ಗೋಲಿನೆದುರು ಯಾರಿಗೂ ಸಿಗದೆ ಹಾದುಹೋಯಿತು. ಕೈಬಿಟ್ಟರೂ ಯಾರೂ ಬೈಯದಿದ್ದ ಚೆಂಡು ಅದು. ದೂರದ ಕಂಬದತ್ತ ಓಡುತ್ತಿದ್ದ ಮಿತೋಮಾ ಓಟ ನಿಲ್ಲಿಸಲಿಲ್ಲ. ಹಿಂದಕ್ಕೆ ಬಂದ ಆ ಚೆಂಡನ್ನು ಒಳತಳ್ಳಿದ ಆವೊ ತನಾಕಾ, ಕವಾಸಾಕಿಯ ಸಗಿನುಮಾ ಕ್ಲಬ್ಬಿನಲ್ಲಿ ಬಾಲ್ಯದಿಂದಲೂ ಆತನ ಜೊತೆಗಾರ. ಗೆರೆಯ ಮೇಲುಳಿದ ಆ ಮಿಲಿಮೀಟರನ್ನು ಕೊಂಡಾಡಿದವರು ಆ ಓಟವನ್ನು ನೋಡಲೇ ಇಲ್ಲ. ನಾಲ್ಕು ದಿನಗಳ ನಂತರ ಕ್ರೊವೇಶಿಯಾ ವಿರುದ್ಧ ಆತನ ಪೆನಾಲ್ಟಿ ವ್ಯರ್ಥವಾದದ್ದನ್ನೂ ಅವರು ಅಷ್ಟೇ ಸಲೀಸಾಗಿ ಮರೆತರು.

ಪ್ರಬಂಧದ ಕಥೆ ಇನ್ನೂ ದಾರಿ ತಪ್ಪಿಸುವಂಥದ್ದು. ತಂಡದವರ ತಲೆಗೆ ಕ್ಯಾಮೆರಾ ಕಟ್ಟಿ, ಒಳ್ಳೆಯ ಆಟಗಾರರ ನೋಟ ಎತ್ತ ಇರುತ್ತದೆಂದು ಆತ ಪರೀಕ್ಷಿಸಿದ್ದು ಕುತೂಹಲದ ವಿಷಯ ನಿಜ. ಅಷ್ಟಕ್ಕೇ ಆತನನ್ನು ಡ್ರಿಬ್ಲಿಂಗ್ ವಿಜ್ಞಾನಿ ಎಂದು ಕರೆಯುವ ಲೇಖಕರ ಜೊತೆ ನನಗೆ ಜಗಳವಿದೆ. ಅವರ ಬರಹಗಳಲ್ಲಿ ಪ್ರಬಂಧವಿದೆ, ಕಾಲು ಇಲ್ಲ. ಪ್ರಬಂಧ ಬರೆದವರೆಲ್ಲ ಹಾಗೆ ಆಡಲಾರರು. ಈ ಕೀರ್ತಿ ಜಪಾನಿ ಅಭಿಮಾನಿಗಳ ಸಂಖ್ಯೆಯಿಂದ ಬಂದದ್ದಷ್ಟೇ ಎನ್ನುವ ಯುರೋಪಿನ ಇನ್ನೊಂದು ಬಣವಂತೂ ಪಂದ್ಯವನ್ನೇ ನೋಡಿದಂತಿಲ್ಲ. ಜಪಾನಿನಿಂದ ಯುರೋಪಿಗೆ ಹೋದ ಆಟಗಾರರು ಎಷ್ಟೋ ಮಂದಿ. ಎಲ್ಲರಿಗೂ ಈ ಹೆಸರು ಬಂದಿಲ್ಲವಲ್ಲ.

ಇವರಿಗೆಲ್ಲ ನನ್ನ ಉತ್ತರ 2023ರ ಜನವರಿ 29ರ ಎಫ್‌ಎ ಕಪ್ ಪಂದ್ಯ. ಆತ ಆಡುತ್ತಿದ್ದ ಬ್ರೈಟನ್ ಮತ್ತು ಲಿವರ್‌ಪೂಲ್ 1-1, ತೊಂಬತ್ತರ ಮೇಲೆ ಸೇರಿಸಿದ ನಿಮಿಷಗಳು. ಎಸ್ತುಪಿನ್ಯಾನ್ ಗಾಳಿಯಲ್ಲೇ ಒಳಗೆ ಕಳಿಸಿದ ಚೆಂಡನ್ನು ಮಿತೋಮಾ ಮೊದಲ ಸ್ಪರ್ಶದಲ್ಲೇ ಪಳಗಿಸುತ್ತಾನೆ. ಇನ್ನೇನು ಹೊಡೆದನೆಂದು ಜೋ ಗೋಮೆಜ್ ಅಡ್ಡ ಬೀಳುತ್ತಾನೆ. ಹೊಡೆತ ಬರುವುದಿಲ್ಲ. ಇನ್ನೊಂದು ಸ್ಪರ್ಶ, ಆಮೇಲೆ ಬಲಗಾಲಿನ ಹೊರಬದಿಯಿಂದ ಗೋಲು. ಗೋಲಿನೆದುರು, ಎದುರಾಳಿಗಳ ನಡುವೆ, ಹೊಡೆಯದೆ ತಡೆದುಕೊಳ್ಳುವ ಆ ಅರೆಗಳಿಗೆಯೇ ಮಿತೋಮಾನ ಪ್ರತಿಭೆ. ವೇಗ ಹಲವರಿಗಿದೆ, ವೇಗದ ನಡುವೆ ತಡೆಯುವುದು ಕೆಲವರಿಗಷ್ಟೇ ಒಲಿದದ್ದು. 2025ರ ಫೆಬ್ರವರಿಯಲ್ಲಿ ಚೆಲ್ಸಿ ವಿರುದ್ಧ, ತನ್ನ ತಂಡದ ಗೋಲ್‌ಕೀಪರ್ ವೆರ್ಬ್ರುಗೆನ್ ಉದ್ದಕ್ಕೆ ಒದ್ದ ಚೆಂಡನ್ನು ಓಡುತ್ತಲೇ ಕಾಲಿನಲ್ಲಿ ಇಳಿಸಿಕೊಂಡು ಗೋಲು ಹೊಡೆದಾಗ ಕಂಡದ್ದೂ ಅದೇ ಹಿಡಿತ.

ತುಣುಕು ವಿಡಿಯೊಗಳಲ್ಲಿ ಈ ಗೋಲುಗಳೂ ಓಡಾಡುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ತುಣುಕು ಆರಂಭವಾಗುವುದೇ ಚೆಂಡು ಕಾಲಿಗೆ ಬಂದ ಮೇಲೆ. ಎಡಬದಿಯ ಗೆರೆಗಂಟಿ ನಿಂತು ರಕ್ಷಕನನ್ನು ತನ್ನತ್ತ ಎಳೆಯುವ, ಚೆಂಡು ಬಾರದಿದ್ದರೂ ಮತ್ತೆ ಓಡುವ ನಿಮಿಷಗಳು ಅದರಲ್ಲಿ ಬರುವುದಿಲ್ಲ. ಮಿತೋಮಾ ಇಷ್ಟವಾದವರು ಆತನ ಒಂದು ಪೂರ್ತಿ ಪಂದ್ಯ ನೋಡಿ, ಚೆಂಡನ್ನು ಬಿಟ್ಟು ಆತನನ್ನೇ ನೋಡಿ.