ಕಿಟಕಿಯಾಚೆಯ ಮರ, ಮಂಚದ ಪಕ್ಕದ ಜೀವ

ನಮ್ಮ ಕೊಣನೂರಿನ ಕಡೆ ದೊಡ್ಡ ಕಾಯಿಲೆ ಬಂದರೆ ಹಾಸನದ ಬಸ್ಸು ಹತ್ತಬೇಕು, ಇಲ್ಲವೇ ಮೈಸೂರಿನದು. ರೋಗಿಯೊಬ್ಬರೇ ಹೋಗುವುದಿಲ್ಲ. ಚಾಪೆ, ಫ್ಲಾಸ್ಕು, ಬುತ್ತಿ ಹಿಡಿದು ಮನೆಯವರೂ ಹೊರಡುತ್ತಾರೆ. ಆಸ್ಪತ್ರೆಯ ವಾತಾವರಣವೇ ಅರ್ಧ ಔಷಧಿ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಅದು ಎಷ್ಟು ನಿಜ?

ಮೈಸೂರಿನಲ್ಲಿ ಒಂದು ಕಾಲಕ್ಕೆ ವಾತಾವರಣವೇ ಪೂರ್ತಿ ಔಷಧಿಯಾಗಿತ್ತು. ಕ್ಷಯದಿಂದ ತೀರಿಕೊಂಡ ಸೋದರಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ಕಟ್ಟಿಸಿದಾಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ಗಾಳಿ, ಬಿಸಿಲು, ವಿಶ್ರಾಂತಿ, ಒಳ್ಳೆಯ ಊಟ: ಸ್ಯಾನಿಟೋರಿಯಂಗಳು ಕೊಡಬಹುದಾಗಿದ್ದದ್ದು ಅಷ್ಟೇ. ಮದ್ದು ಬಂದ ಮೇಲೆ, 1956ರಲ್ಲಿ, ಮದ್ರಾಸಿನ ವೈದ್ಯರು ಒಂದು ಪರೀಕ್ಷೆಗೆ ಇಳಿದರು. ಬಡ ಕ್ಷಯರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲಿಟ್ಟು, ಉಳಿದವರಿಗೆ ಅವರವರ ಇಕ್ಕಟ್ಟಿನ ಮನೆಗಳಲ್ಲೇ ಅದೇ ಮಾತ್ರೆ ಕೊಟ್ಟರು. ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡರು, ತೂಕವೂ ಹೆಚ್ಚಿತು. ಆದರೆ ಗುಣವಾಗುವುದರಲ್ಲಿ ಮನೆಯಲ್ಲೇ ಉಳಿದ ರೋಗಿಗಳು ಹೇಳಿಕೊಳ್ಳುವಷ್ಟು ಹಿಂದೆ ಬೀಳಲಿಲ್ಲ. ವಾತಾವರಣದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ಫಲಿತಾಂಶವನ್ನು ಮರೆಯಬಾರದು. ಕ್ರಿಮಿ ಸಾಯುವುದು ಮಾತ್ರೆಯಿಂದ.

ಹಾಗೆಂದು ಮರಗಿಡ ವ್ಯರ್ಥವಲ್ಲ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರ ಕಂಡವರು, ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋಗಿದ್ದರು. ನೋವಿಗೆ ಕಡುಮದ್ದನ್ನೂ ಕಡಿಮೆ ಪಡೆದಿದ್ದರು. ಸಣ್ಣ ಅಧ್ಯಯನವೇ, ಆದರೂ ನಾನು ನಂಬುತ್ತೇನೆ. ನೋವು, ಹೆದರಿಕೆ, ನಿದ್ದೆಗೆಟ್ಟ ರಾತ್ರಿ, ಇವುಗಳನ್ನು ಸುತ್ತಲಿನ ಜಾಗ ಖಂಡಿತ ಮುಟ್ಟುತ್ತದೆ.

ನನ್ನ ತಕರಾರು ಬೇರೆ. ನಮ್ಮವರಿಗೆ ಸುತ್ತಲಿನ ಜಾಗವೆಂದರೆ ಮೊದಲು ಪಕ್ಕದಲ್ಲಿರುವ ಮನುಷ್ಯರು. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಅರಿತು, ಮನೆಯವರು ರೋಗಿಯೊಂದಿಗೇ ಉಳಿಯುವ ವಾರ್ಡುಗಳನ್ನು ನಡೆಸುತ್ತಿದೆ. ಹೊಸ ಆಸ್ಪತ್ರೆ ಕಟ್ಟುವವರು ಬಣ್ಣ, ಕುಂಡ, ಕಾರಂಜಿಗೆ ಖರ್ಚು ಮಾಡುವ ಮುಂಚೆ ಅದನ್ನು ನೋಡಿ ಬರಬೇಕು.

ಅಪ್ಪನಿಗೆ ಆಪರೇಷನ್ ಆದಾಗ ಅವ್ವ ಒಂಬತ್ತು ರಾತ್ರಿ ಮಂಚದಡಿ ಚಾಪೆ ಹಾಸಿ ಮಲಗಿದ್ದಳು. ರೌಂಡ್ಸ್ ಹೊತ್ತಿಗೆ ಅವಳನ್ನು ಹೊರಗೆ ಕಳಿಸುತ್ತಿದ್ದರು. ಸ್ನಾನಕ್ಕೆ, ಗಂಜಿ ಬಿಸಿ ಮಾಡಿಕೊಳ್ಳಲಿಕ್ಕೆ ಅಲ್ಲಿ ಒಂದು ಮೂಲೆಯೂ ಇರಲಿಲ್ಲ. ಅಪ್ಪ ಕಣ್ಣು ಬಿಟ್ಟಾಗಲೆಲ್ಲ ಮೊದಲು ಕೈ ಇಳಿಬಿಟ್ಟು ತಡಕುತ್ತಿದ್ದುದು ಮಂಚದ ಕೆಳಗೆ.