ಆಮೆನ್ ಹೇಳುವವರು ಯಾರು?
ಯುವ ಗಾಯಕವೃಂದದ ಸಂಚಾರದ ಒಂದು ದಿನ: ಒಂದು ವಿಮರ್ಶೆ

ಗಾಯಕವೃಂದವನ್ನು ಶ್ರುತಿಶುದ್ಧಿಯಿಂದ ಅಳೆಯುವುದು ಸಂಗೀತ ವಿಮರ್ಶಕರ ಕೆಲಸ. ಸಭೆಯ ಗಾಯಕವೃಂದದ ವಿಷಯದಲ್ಲಿ ದೇವಶಾಸ್ತ್ರವು ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಹಾಡು ಮುಗಿದಾಗ ಆಮೆನ್ ಎನ್ನುವವರು ಯಾರು? ಬೇಸಿಗೆ ರಜೆಯಲ್ಲಿ ಮಂಗಳೂರಿನ ಒಂದು ಸಭೆಯ ಯೌವನಸ್ಥರೊಡನೆ ಉಡುಪಿಯ ಕಡೆಗೆ ಸಂಚರಿಸಿದ ಒಂದು ದಿನ ಈ ಪ್ರಶ್ನೆಯನ್ನು ನನ್ನೆದುರು ನಿಲ್ಲಿಸಿತು. ಇಪ್ಪತ್ತಾರು ಮಂದಿ ಗಾಯಕರು, ಒಬ್ಬ ನಿರ್ದೇಶಕಿ, ಜತೆಗಾರ ಸಭಾಪಾಲಕನಾಗಿ ನಾನು; ಬೆಳಿಗ್ಗೆ ಒಂದು ಸಭೆ, ಸಂಜೆ ಇನ್ನೊಂದು. ಕಾರ್ಯಕ್ರಮದ ಪಟ್ಟಿಗೆ ಒಪ್ಪಿಗೆ ಕೊಟ್ಟವನು ನಾನೇ. ಆದಕಾರಣ ಈ ವಿಮರ್ಶೆ ಮೊದಲು ತಟ್ಟುವುದು ನನ್ನನ್ನೇ.

ಬೆಳಗಿನ ಸಭೆ ಚಿಕ್ಕದು, ಹಳೆಯದು. ಮೂರನೆಯ ಹಾಡಾಗಿ ನಮ್ಮವರು ಒಂದು ಹಳೆಯ ಜರ್ಮನ್ ಸ್ತುತಿರಾಗವನ್ನು ಇಂಗ್ಲಿಷ್ ಪದಗಳಲ್ಲಿ, ನಾಲ್ಕು ಧ್ವನಿಗಳಲ್ಲಿ ಎತ್ತಿಕೊಂಡರು. ಎರಡನೆಯ ಚರಣದಲ್ಲಿ ಮುಂದಿನ ಸಾಲಿನ ಒಬ್ಬ ವೃದ್ಧೆ ಅದೇ ರಾಗಕ್ಕೆ ತುಳು ಪದಗಳನ್ನು ಹಾಡತೊಡಗಿದರು. ಅವರ ಹಿಂದಿನ ಸಾಲೂ ಮೆಲ್ಲನೆ ಸೇರಿಕೊಂಡಿತು. ಅವರ ಕಾಲಪ್ರಮಾಣ ನಮ್ಮದಕ್ಕಿಂತ ನಿಧಾನ. ನಿರ್ದೇಶಕಿ ಅರ್ಧ ತಿರುಗಿ ಎಡಗೈಯನ್ನು ನಯವಾಗಿ ಎತ್ತಿದರು. ಸಭೆ ಸುಮ್ಮನಾಯಿತು. ಹಾಡು ಸೊಗಸಾಗಿ ಮುಗಿಯಿತು, ಚಪ್ಪಾಳೆಯೂ ಬಂತು. ಆಮೆನ್ ಬರಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡಿದೆನೇ ಹೊರತು ಏನೂ ಮಾಡಲಿಲ್ಲ.

ಊಟವಾದ ಮೇಲೆ ಬಸ್ಸಿನಲ್ಲಿ ಈ ಮಾತನ್ನು ತೆಗೆದೆ. ನಿರ್ದೇಶಕಿಯ ಉತ್ತರ ನೇರವಾಗಿತ್ತು: "ಅಯ್ಯನವರೇ, ಈ ಮಕ್ಕಳು ಎರಡು ತಿಂಗಳು ಅಭ್ಯಾಸ ಮಾಡಿದ್ದಾರೆ. ತಾಳ ತಪ್ಪಿದರೆ ಅವರ ಶ್ರಮಕ್ಕೆ ಅರ್ಥವೇನು? ದೇವರಿಗೆ ಅರೆಬೆಂದದ್ದನ್ನು ಅರ್ಪಿಸಬೇಕೇ?" ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 33ನೆಯ ಕೀರ್ತನೆ ಹೊಸ ಹಾಡನ್ನು ಕೇಳುವಾಗ ಜಾಣ್ಮೆಯನ್ನೂ ಕೇಳುತ್ತದೆ. ಯೋಹಾನ್ ವಾಲ್ಟರ್ ಸಿದ್ಧಪಡಿಸಿದ 1524ರ ಬಹುಧ್ವನಿ ಗೀತಸಂಗ್ರಹಕ್ಕೆ ಮುನ್ನುಡಿ ಬರೆದ ಲೂಥರ್, ಆ ಹಾಡುಗಳು ವಿಶೇಷವಾಗಿ ಯೌವನಸ್ಥರಿಗಾಗಿ ಎಂದೇ ಹೇಳಿದನು. ಭಾನುವಾರದ ಪ್ರಸಂಗಕ್ಕೆ ಕಿವಿಗೊಡದ ಹುಡುಗನೊಬ್ಬ ಮಂದ್ರಧ್ವನಿಯ ಸಾಲನ್ನು ಕಲಿಯುತ್ತಾ ಸುವಾರ್ತೆಯ ಪದಗಳನ್ನು ಬಾಯಿಪಾಠ ಮಾಡುವುದನ್ನು ನಾನು ಕಂಡಿದ್ದೇನೆ.

ಇದಕ್ಕೆ ವಿರುದ್ಧವಾದ ಸಾಕ್ಷಿಗಳೂ ಇವೆ. ಹಾಡಿದ ವಿಷಯಕ್ಕಿಂತ ಹಾಡುಗಾರಿಕೆಯೇ ತನ್ನನ್ನು ಹೆಚ್ಚು ಕದಲಿಸಿದಾಗ ತಾನು ಪಾಪ ಮಾಡಿದಂತೆ ಎಂದು ಅಗಸ್ಟೀನನು ತನ್ನ ಅರಿಕೆಗಳ ಹತ್ತನೆಯ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೂ ಸಭೆಯಲ್ಲಿ ಹಾಡುವ ವಾಡಿಕೆಯನ್ನು ಸಮ್ಮತಿಸುವ ಕಡೆಗೇ ವಾಲುತ್ತಾನೆ. ಬೋನ್‌ಹಾಫರ್ 1939ರಲ್ಲಿ ಪ್ರಕಟವಾದ ಸಹಜೀವನದ ಕುರಿತ ಪುಸ್ತಕದಲ್ಲಿ ಏಕಧ್ವನಿಯ ಹಾಡನ್ನೇ ಎತ್ತಿಹಿಡಿಯುತ್ತಾನೆ. ತನ್ನ ಕಂಠವನ್ನು ಮೆರೆಸುವವನು ಐಕ್ಯವನ್ನು ಕೆಡಿಸುತ್ತಾನೆಂದು ಎಚ್ಚರಿಸುತ್ತಾನೆ. ಎಚ್ಚರಿಕೆ ಸರಿಯಾದದ್ದೇ. ಆದರೆ ಅವನ ತೀರ್ಪನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಒಬ್ಬರಿಗೊಬ್ಬರು ಕಿವಿಗೊಡದೆ ನಾಲ್ಕು ಧ್ವನಿಗಳು ಕೂಡಲಾರವು. ಅನೇಕ ಅಂಗಗಳ ಒಂದೇ ದೇಹಕ್ಕೆ ಅದು ಒಪ್ಪುವ ಚಿತ್ರವೇ. ಬೆಳಗಿನ ದೋಷವಿದ್ದದ್ದು ನಾಲ್ಕು ಧ್ವನಿಗಳಲ್ಲಿ ಅಲ್ಲ, ಐದನೆಯ ಧ್ವನಿಗೆ ಎಡೆಯಿಲ್ಲದೆ ಹೋದದ್ದರಲ್ಲಿ.

ಈ ವಿವೇಚನೆಗೆ ಶಾಸ್ತ್ರಾಧಾರ 1 ಪೂರ್ವಕಾಲವೃತ್ತಾಂತದಲ್ಲಿದೆ. ಆ ಗ್ರಂಥಕರ್ತನಿಗೆ ತರಬೇತಿಯ ಬಗ್ಗೆ ಅಸಡ್ಡೆಯಿಲ್ಲ. 25ನೆಯ ಅಧ್ಯಾಯದಲ್ಲಿ ನುರಿತ ಗಾಯಕರ ಸಂಖ್ಯೆಯನ್ನು 288 ಎಂದು ಲೆಕ್ಕವಿಟ್ಟು ಬರೆಯುತ್ತಾನೆ. ಆದರೆ 16ನೆಯ ಅಧ್ಯಾಯದಲ್ಲಿ ಆಸಾಫನಿಗೂ ಅವನ ಸಹೋದರರಿಗೂ ಒಪ್ಪಿಸಲಾದ ಸ್ತೋತ್ರ ಮುಗಿಯುವುದು ಜನರೆಲ್ಲರ ಆಮೆನ್‌ನಿಂದ. ಪೌಲನ ಅಳತೆಗೋಲೂ ಅದೇ: 1 ಕೊರಿಂಥ 14:16ರಲ್ಲಿ ಅವನು ಕೇಳುವುದು, ಸ್ತೋತ್ರಕ್ಕೆ ಬಂದವನು ಆಮೆನ್ ಎನ್ನುವುದು ಹೇಗೆ ಎಂದು. ಪರಿಣತಿಯೂ ಜನರ ಭಾಗವಹಿಸುವಿಕೆಯೂ ಶಾಸ್ತ್ರದಲ್ಲಿ ಎದುರಾಳಿಗಳಲ್ಲ. ಪರಿಣತರ ಹಾಡು ಜನರ ಒಪ್ಪಿಗೆಯಲ್ಲಿ ಪೂರ್ಣಗೊಳ್ಳುತ್ತದೆ.

ಕರಾವಳಿಯ ಸಭೆಗಳಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು. ಕಿಟ್ಟೆಲರು 1862ರ ತಮ್ಮ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಪದ್ಯಬಂಧಕ್ಕೆ ತಂದರು. ಆದರೂ ನಮ್ಮ ಆರಾಧನೆಯಲ್ಲಿ ಬೇರುಬಿಟ್ಟದ್ದು ಜರ್ಮನ್ ರಾಗಗಳೇ. ತಲೆಮಾರುಗಳು ಅವುಗಳನ್ನು ತುಳುವಿನಲ್ಲಿ, ಕನ್ನಡದಲ್ಲಿ, ಮದುವೆಯಲ್ಲಿ, ಮಣ್ಣಿನಲ್ಲಿ ಹಾಡಿ ತಮ್ಮದಾಗಿಸಿಕೊಂಡವು. ಆ ವೃದ್ಧೆ ನಮ್ಮ ಹಾಡಿನೊಳಗೆ ನುಗ್ಗಿದವರಲ್ಲ. ಅವರ ಹಾಡನ್ನು ನಾವು ಪರಭಾಷೆಯಲ್ಲಿ ಅವರ ಮನೆಗೆ ಒಯ್ದು, ಸುಮ್ಮನಿರಿ ಎಂದೆವು.

ಸಂಜೆ ಒಂದು ಬದಲಾವಣೆ ಮಾಡಿದೆವು. ಅದೇ ಹಾಡಿನ ಮೊದಲ ಚರಣ ಅಲ್ಲಿಯ ಸಭೆಗೆ, ಅವರ ಪದಗಳಲ್ಲಿ, ಎರಡನೆಯದು ಗಾಯಕವೃಂದಕ್ಕೆ, ಕೊನೆಯದು ಎಲ್ಲರಿಗೂ. ಕೊನೆಯ ಚರಣ ಕೆಟ್ಟಿತೆಂದು ಪ್ರಾಮಾಣಿಕವಾಗಿ ಹೇಳಬೇಕು. ತಾಳ ಜಗ್ಗಿತು, ಆಲ್ಟೋ ಸಾಲು ದಾರಿ ತಪ್ಪಿತು, ನಿರ್ದೇಶಕಿಯ ಮುಖ ಬಾಡಿತು. ಈ ಅಸ್ತವ್ಯಸ್ತವನ್ನೇ ಆತ್ಮಪ್ರೇರಣೆಯೆಂದು ಹೊಗಳುವುದು ಸೋಮಾರಿತನ. ಆದರೆ ಈ ಸಲ ಆಮೆನ್ ಬಂತು, ಯಾರೂ ಕೇಳದೆಯೇ. ಮರಳುವಾಗ ನಿರ್ದೇಶಕಿ ಹೇಳಿದ ಮಾತು ನನ್ನ ಪಾಲಿನ ತಪ್ಪನ್ನು ಎತ್ತಿ ತೋರಿಸಿತು: "ಇದನ್ನು ಮೊದಲೇ ಹೇಳಿದ್ದರೆ ಅದಕ್ಕೂ ಅಭ್ಯಾಸ ಮಾಡಿಸುತ್ತಿದ್ದೆ."

ಹೌದು, ಅದಕ್ಕೂ ಅಭ್ಯಾಸ ಬೇಕು. ಸಭೆಯ ನಿಧಾನಕ್ಕೆ ಕಿವಿಗೊಟ್ಟು ಹೆಜ್ಜೆ ಹಾಕುವುದು ಗಾಯಕವೃಂದದ ಅತಿ ಕಠಿಣ ಪಾಠ. ಅದನ್ನು ಕಲಿಸಿರೆಂದು ಕೇಳಬೇಕಾದವನು ಸಭಾಪಾಲಕ. ಆತಿಥೇಯ ಸಭೆ ಯಾವ ಹಾಡನ್ನು, ಯಾವ ಭಾಷೆಯಲ್ಲಿ, ಯಾವ ಗತಿಯಲ್ಲಿ ಹಾಡುತ್ತದೆಂದು ಮುಂಚಿತವಾಗಿ ವಿಚಾರಿಸುವುದು ಆರಾಧನೆಯ ಹೊಣೆಯ ಭಾಗವೇ. ನಾನು ಬಸ್ಸಿನ ಬಾಡಿಗೆಯನ್ನೂ ಊಟದ ವ್ಯವಸ್ಥೆಯನ್ನೂ ವಿಚಾರಿಸಿದೆ, ಇದನ್ನು ವಿಚಾರಿಸಲಿಲ್ಲ. ಹಾಡಿನ ಪಟ್ಟಿಯನ್ನು ಕಣ್ಣಾಡಿಸಿ ಸಹಿ ಹಾಕುವ ಪಾಲಕನು ಆರಾಧನೆಯ ಅರ್ಧವನ್ನು ಕೈಬಿಟ್ಟಂತೆ. ಸೆಮಿನರಿಯಲ್ಲಿ ಪ್ರಸಂಗಕ್ಕೆ ತರಬೇತಿ ಪಡೆಯುತ್ತಿರುವ ಸಹೋದರ ಸಹೋದರಿಯರು ಇದನ್ನೂ ತಮ್ಮ ಕೆಲಸವೆಂದು ಎಣಿಸಲಿ.