ಹುಲಿಯನ್ನು ಕೆತ್ತಿದವರಾರು?

ಟೀಪೂ ಸುಲ್ತಾನನ ಮರದ ಹುಲಿಯನ್ನು ನಾವು ಕಣ್ಣಾರೆ ಕಂಡವರಲ್ಲ. ಚಿತ್ರಗಳಿಂದ ಮಾತ್ರ ಬಲ್ಲೆವು. ಆದರೂ ಅದನ್ನು ಕುರಿತು ಬರೆಯಲು ಕಾರಣವುಂಟು. ತರಗತಿಯಲ್ಲಿ ಆ ಚಿತ್ರವನ್ನು ತೋರಿಸಿದಾಗ ಮದ್ದೂರಿನ ಬಡಗಿಯೊಬ್ಬರ ಮಗ, "ಇದನ್ನು ಮಾಡಿದವರು ಯಾರು, ಗುರುಗಳೇ?" ಎಂದು ಕೇಳಿದನು. ಟೀಪೂ ಎಂದೆವು. "ಅವರು ಮಾಡಿಸಿದವರು, ಮಾಡಿದವರು ಯಾರು?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಸುಮಾರು 178 ಸೆಂಟಿಮೀಟರು ಉದ್ದದ ಹುಲಿಯೊಂದು ಅಂಗಾತ ಬಿದ್ದ ಐರೋಪ್ಯನ ಮೇಲೆ ನಿಂತು ಅವನ ಕೊರಳಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದುವುವು. ಮನುಷ್ಯನ ಎಡಗೈ ಮೇಲೆ ಕೆಳಗೆ ಆಡುವುದು. ಅವನ ನರಳಿಕೆಯೂ ಹುಲಿಯ ಗುರುಗುಟ್ಟುವಿಕೆಯೂ ಕೇಳಿಸುವುವು. ಹುಲಿಯ ಹೊಟ್ಟೆಯಲ್ಲಿ 18 ಸ್ವರಗಳ ವಾದ್ಯವೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದು ಕಂಪನಿಯವರ ಕೈಸೇರಿ ಲಂಡನ್ನಿಗೆ ಹೋಯಿತು. ಈಗ ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಶಿಲ್ಪವೆಂದು ನೋಡಿದರೆ ದೋಷಗಳಿಲ್ಲದಿಲ್ಲ. ಕೆಳಗೆ ಬಿದ್ದ ಮನುಷ್ಯ ಮರದ ಕೊರಡಿನಂತೆ ಸೆಟೆದಿದ್ದಾನೆ. ಸಾಯುತ್ತಿರುವವನ ಮೈ ಹೀಗಿರುವುದಿಲ್ಲ. ಹುಲಿಯ ಪಟ್ಟೆಗಳಾದರೋ ಕಾಡಿನವಲ್ಲ, ಅರಮನೆಯವು. ಟೀಪೂವಿನ ಲಾಂಛನದ ಪಟ್ಟೆಗಳು. ಆದರೆ ಹಿಡಿಕೆ ತಿರುಗಿತೆಂದರೆ ಈ ಬಿಗಿತವೇ ಗುಣವಾಗುತ್ತದೆಂದು ನಮ್ಮೆಣಿಕೆ. ಇಡೀ ದೇಹ ಅಲುಗದೆ ಒಂದು ಕೈ ಮಾತ್ರ ಏಳುವುದರಲ್ಲಿ ಭಯವೂ ಇದೆ, ಸ್ವಲ್ಪ ಹಾಸ್ಯವೂ ಇದೆ. ನಿರ್ಮಾಪಕನು ಇದನ್ನು ಅರಿತೇ ಮಾಡಿರಬೇಕು.

ಅದೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಈ ಪ್ರಶ್ನೆಗೆ ಬೇರೆಯೇ ಏರ್ಪಾಡಿತ್ತು. ಪ್ಯಾರಿಸಿನ ಮರಗೆಲಸದವರ ಸಂಘವು ತನ್ನ ಕುಶಲಿಗಳು ಮಾಡಿದ ಸಾಮಾನಿನ ಮೇಲೆ ಹೆಸರಿನ ಮುದ್ರೆ ಒತ್ತಬೇಕೆಂದು ವಿಧಿಸಿತ್ತು. ಜರ್ಮನ್ ಸೀಮೆಯಿಂದ ಬಂದ ಜಾನ್ ಹೆನ್ರಿ ರೀಸನರನು (1734–1806) ಹೀಗೆಯೇ ನಮಗೆ ತಿಳಿದಿರುವನು. ಹದಿನೈದನೆಯ ಲೂಯಿ ದೊರೆಯ ಬರೆಯುವ ಮೇಜನ್ನು ಅವನು 1769ರಲ್ಲಿ ಮುಗಿಸಿ ಹೆಸರು ಹಾಕಿದನು. ಬೀಗದಕೈಯನ್ನು ಒಮ್ಮೆ ತಿರುಗಿಸಿದರೆ ಮುಚ್ಚಳವೂ ಸೆಳೆಖಾನೆಗಳೂ ಬಿಡುಗಡೆಯಾಗುವ ಯಂತ್ರ ಅದರಲ್ಲಿದೆ. ಆದರೆ ಆ ಮೇಜನ್ನು 1760ರಲ್ಲಿ ಆರಂಭಿಸಿದವನು ಓಬೆನ್ ಎಂಬ ಗುರು. ಅವನು 1763ರಲ್ಲಿ ತೀರಿಕೊಂಡನು. ಮುದ್ರೆಯೂ ಅರ್ಧ ಸತ್ಯವನ್ನೇ ನುಡಿಯುತ್ತದೆ! ಇನ್ನು ಹೆಸರಿದ್ದೂ ರೀಸನರನು ಸುಖಪಡಲಿಲ್ಲ. ಬೆಲೆ ಹೆಚ್ಚೆಂದು 1784ರಲ್ಲಿ ಅರಮನೆಯ ಕೆಲಸ ತಪ್ಪಿತು. ಕ್ರಾಂತಿಯ ಹರಾಜಿನಲ್ಲಿ ತಾನು ಮಾಡಿದ ಸಾಮಾನುಗಳನ್ನು ತಾನೇ ಕೊಂಡು, ಮಾರಲಾಗದೆ ಕಂಗೆಟ್ಟನು.

ಟೀಪೂ 1787ರಲ್ಲಿ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿ ಕುಶಲಕರ್ಮಿಗಳನ್ನು ಬೇಡಿದ್ದನು. ಅದರಿಂದ ಹುಲಿಯ ಯಂತ್ರವೂ ಫ್ರೆಂಚರದೇ ಎಂದು ಕೆಲವರು ಹೇಳುತ್ತಾರೆ. ಕೊಳವೆ, ತಿದಿಗಳ ವಿದ್ಯೆ ಯುರೋಪಿನದಿರಬಹುದು. ಆದರೆ ಕೆತ್ತನೆಯೂ ಬಣ್ಣವೂ ಈ ನೆಲದ ಕೈಗಳವೆಂಬುದು ಪಟ್ಟೆಗಳಲ್ಲಿಯೇ ಕಾಣುತ್ತದೆ. ಯಂತ್ರದ ಅಭಿಮಾನದಲ್ಲಿ ಉಳಿಯನ್ನು ಮರೆಯುವವರ ವಾದವನ್ನು ನಾವು ಒಪ್ಪಲಾರೆವು.

ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದ್ದೇವೆ. ಕೆಳಗೆ ಆ ಹುಡುಗನ ಕೈಯಿಂದಲೇ "ಬಡಗಿಗಳು, ಬಣ್ಣಗಾರರು, ವಾದ್ಯ ಮಾಡುವವರು" ಎಂದು ಬರೆಯಿಸಿದೆವು. ಟೀಪೂವಿನ ಹೆಸರು ಎರಡನೆಯ ಸಾಲಿನಲ್ಲಿದೆ.